ದಿಂಬಿನ ಕೆಳಗಿನ ಸ್ಕಾರ್ಫು

ಪ್ರಶ್ನೆ: ನನ್ನ ಗಂಡನ ಮೊದಲ ಹೆಂಡತಿ ತೀರಿಕೊಂಡು ಎರಡೂವರೆ ವರ್ಷವಾಯಿತು. ಆಕೆ ಕಪ್ಪು ಜನಾಂಗದವರು. ನಾನೂ ನನ್ನ ಗಂಡನೂ ಬಿಳಿಯರು. ಮಗಳಿಗೆ 9 ವರ್ಷ. ಅಮ್ಮನದೇ ಮೈಬಣ್ಣ, ಅಮ್ಮನದೇ ಗುಂಗುರು ಕೂದಲು. ನಮ್ಮ ಮದುವೆಯಾಗಿ 8 ತಿಂಗಳು. ಎಷ್ಟು ಪ್ರೀತಿ ತೋರಿಸಿದರೂ ಹತ್ತಿರ ಬರುವುದಿಲ್ಲ, ತಲೆ ಮುಟ್ಟಲೂ ಬಿಡುವುದಿಲ್ಲ. ಹೋದ ವಾರ ಅವಳ ದಿಂಬಿನ ಕೆಳಗಿದ್ದ ಅಮ್ಮನ ಸ್ಕಾರ್ಫು ಕೊಳೆಯಾಗಿದೆಯೆಂದು ಒಗೆದುಬಿಟ್ಟೆ. ಕಿರುಚಾಡಿದಳು. 'ನೀನು ನಮ್ಮ ಥರ ಇಲ್ಲ, ನಿನಗೇನೂ ಗೊತ್ತಿಲ್ಲ' ಎಂದಳು. ಅಂದಿನಿಂದ ಮಾತಿಲ್ಲ. ನನಗೆ ಬಣ್ಣದ ಭೇದವೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಆ ಸ್ಕಾರ್ಫಿನಲ್ಲಿ ಅವಳ ಅಮ್ಮನ ವಾಸನೆ ಇದ್ದಿರಬೇಕು. ಸೋಪಿನ ಪುಡಿಯಲ್ಲಿ ಅದು ಹೋಯಿತು. ನಿಮಗೆ ಗೊತ್ತಿರಲಿಲ್ಲ, ಒಪ್ಪಿದೆ. ಅವಳಿಗೆ ಮಾತ್ರ ಅಮ್ಮ ಇನ್ನೊಂದು ಸಲ ಹೋದ ಹಾಗಾಯಿತು.

ಮೊದಲು ಕ್ಷಮೆ ಕೇಳಿ. 'ನನಗೆ ಗೊತ್ತಿರಲಿಲ್ಲ ಪುಟ್ಟಾ' ಅಂತ ಶುರು ಮಾಡಬೇಡಿ, ಅದು ನಿಮ್ಮ ಪರ ವಕಾಲತ್ತಾಗುತ್ತದೆ. 'ನಿನ್ನನ್ನು ಕೇಳದೆ ಒಗೆದೆ. ಅಮ್ಮನ ವಾಸನೆ ಹೋಯಿತು. ಅದನ್ನು ವಾಪಸ್ ತರೋಕೆ ನನ್ನಿಂದ ಆಗಲ್ಲ. ತಪ್ಪಾಯ್ತು.' ಅಷ್ಟು ಸಾಕು. ಉತ್ತರ ಬರದಿದ್ದರೆ ಸುಮ್ನೆ ಎದ್ದು ಬನ್ನಿ.

ಈಗ ಬಣ್ಣದ ಮಾತು. ಭೇದವೇ ಇಲ್ಲ ಎಂದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಅವಳಿಗೆ ಭೇದ ಕಾಣುತ್ತಿದೆ, ಅಲ್ವಾ? 3 ತಿಂಗಳ ಕೂಸುಗಳೇ ತಮ್ಮ ಜನಾಂಗದ ಮುಖಗಳನ್ನು ಜಾಸ್ತಿ ಹೊತ್ತು ನೋಡಿದ್ದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಂಡಿತ್ತು. ಇವಳಿಗೆ 9 ವರ್ಷ. ಅಮ್ಮ ಇದ್ದಾಗ ಮೂವರೂ ಹೊರಗೆ ಹೋದರೆ ಅವಳು ಯಾರ ಮಗಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಈಗ ನೀವಿಬ್ಬರೂ ಒಂದು ಥರ, ಅವಳೊಬ್ಬಳೇ ಬೇರೆ. 'ದತ್ತು ತಗೊಂಡಿದ್ದಾ?' ಎಂದು ಯಾರಾದರೂ ಕೇಳಿರಬಹುದು. ಇಲ್ಲದಿದ್ದರೆ ನಾಳೆ ಕೇಳುತ್ತಾರೆ. ಕೇಳುವವರಿಗೆ ಅದು ಬರೀ ಕುತೂಹಲ. ಅವಳ ಕಿವಿಗೆ, ಅಮ್ಮ ಇರಲೇ ಇಲ್ಲ ಎಂದ ಹಾಗೆ. ನೀವು ಬಂದ ಮೇಲೆ ಅವಳು ತನ್ನ ಮನೆಯಲ್ಲೇ ನೆಂಟರ ಹುಡುಗಿಯಾದಳು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೂ 'ನೀನು ನಮ್ಮ ಥರ ಇಲ್ಲ' ಎಂಬ ಮಾತಿನಲ್ಲಿ ಆ 'ನಮ್ಮ' ಯಾರು ಎಂದು ಒಂದು ಸಲ ಯೋಚಿಸಿ. ಆ ಮನೆಯಲ್ಲಿ ಈಗ ಅವಳೊಬ್ಬಳೇ.

ಅಂಥ ಪ್ರಶ್ನೆ ಬಂದಾಗ ಏನು ಹೇಳಬೇಕೆಂದು ಅವಳನ್ನೇ ಮೊದಲು ಕೇಳಿಟ್ಟುಕೊಳ್ಳಿ. 'ಇಲ್ಲ, ಇವರ ಮಗಳೇ, ಅಮ್ಮನ ಹಾಗಿದ್ದಾಳೆ' ಎಂದರೆ ಕೆಲವು ಮಕ್ಕಳಿಗೆ ಖುಷಿ. ಕೆಲವರಿಗೆ ದಾರಿಹೋಕರ ಮುಂದೆ ಅಮ್ಮನ ಸುದ್ದಿಯೇ ಬೇಡ.

ತಲೆ ಮುಟ್ಟಲು ಬಿಡದಿರುವುದು ಹಟ ಇರಬಹುದು, ಹೆದರಿಕೆಯೂ ಇರಬಹುದು. ಅಂಥ ಕೂದಲನ್ನು ಒಣಗಿದ್ದಾಗ ಬಾಚಿದರೆ ತುಂಡಾಗುತ್ತದೆ, ನೋವೂ ಆಗುತ್ತದೆ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಹತ್ತಿ ದಿಂಬು ಕೂದಲಿನ ಪಸೆ ಹೀರುತ್ತದೆ ಎಂದು ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನೀವು ಒಗೆದದ್ದು ಅಂಥದ್ದೇ ಇರಬೇಕು. ಆದರೆ ಇದನ್ನು ಓದಿಕೊಂಡು ನಾಳೆಯೇ ಬಾಚಣಿಗೆ ಹಿಡಿದು ಹೋಗಬೇಡಿ! ಅಮ್ಮನ ಕಡೆಯ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದರೆ ಕರೆಸಿ. ಅವರು ಜಡೆ ಹೆಣೆಯಲಿ. ನೀವು ಪಕ್ಕದಲ್ಲಿ ಕೂತು ಕೇಳಿದ್ದನ್ನು ಎತ್ತಿಕೊಡಿ. ಅಮ್ಮನ ಕಥೆಗಳು ಬರುವುದೂ ಆಗಲೇ.

ಸತ್ತವರನ್ನು ಬಿಟ್ಟು ಮುಂದೆ ಹೋಗಬೇಕು ಎಂದು ಒಂದು ಕಾಲಕ್ಕೆ ತಜ್ಞರೇ ಹೇಳುತ್ತಿದ್ದರು. 1996ರಲ್ಲಿ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮೊದಲಾದವರು ಅದಕ್ಕೆ ಉಲ್ಟಾ ಹೇಳಿದರು. ಸತ್ತವರ ಜೊತೆ ನಂಟು ಇಟ್ಟುಕೊಂಡೇ ಬದುಕುವುದು ಸಹಜ ಎಂಬುದು ಅವರ ವಾದ. ಹಾಗಾಗಿ ಅವಳ ಅಮ್ಮನ ಫೋಟೊ ಎಲ್ಲರೂ ಕೂರುವ ಕೋಣೆಯಲ್ಲೇ ಇರಲಿ. ನಿಮ್ಮನ್ನು 'ಅಮ್ಮ' ಎಂದು ಕರೆ ಅನ್ನಬೇಡಿ, ಹೆಸರಿನಿಂದ ಕರೆದರೆ ನಡೆಯುತ್ತದೆ. ಮಲತಾಯಿ ಎಂಬ ಪದವನ್ನು ನಮ್ಮ ಭಾಷೆ ಬೈಗುಳವನ್ನೇ ಮಾಡಿಬಿಟ್ಟಿದೆ. ಅದಕ್ಕೆ ಹೆದರಿ ಅತಿಯಾಗಿ ಮುದ್ದು ಮಾಡಲು ಹೋದರೂ ಮಗುವಿಗೆ ಉಸಿರು ಕಟ್ಟುತ್ತದೆ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಗಂಡ ಬಂದು ಹೋಗುವುದು ಮೈಬಣ್ಣ ಹೇಳುವಾಗ ಮಾತ್ರ. ಅವರೇನು ಮಾಡುತ್ತಿದ್ದಾರೆ? ಗದರುವುದು, ಬೇಡ ಎನ್ನುವುದು ಸದ್ಯಕ್ಕೆ ಅವರ ಕೆಲಸ. ಅಮ್ಮನ ಬಗ್ಗೆ ಮಾತು ತೆಗೆಯುವುದೂ ಅವರದೇ. ಮಲತಾಯಿ, ಮಲತಂದೆ ಇರುವ ಕುಟುಂಬಗಳ ಜೊತೆ ದಶಕಗಳ ಕಾಲ ಕೆಲಸ ಮಾಡಿರುವ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್ನೋ ಪ್ರಕಾರ, ಬೇಗ ಹೊಂದಿಕೊಂಡ ಮನೆಗಳಿಗೂ ಸುಮಾರು 4 ವರ್ಷ ಹಿಡಿಯುತ್ತದೆ. ನಿಮ್ಮದು 8 ತಿಂಗಳು. ಊಟ, ನಿದ್ದೆ ಕೆಟ್ಟರೆ, ಅಮ್ಮನ ಹತ್ತಿರ ಹೋಗಬೇಕು ಎನ್ನತೊಡಗಿದರೆ ಮಾತ್ರ ಕಾಯಬೇಡಿ, ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

ಅವಳ ಅಮ್ಮನ ಬಟ್ಟೆಗಳು ಎಲ್ಲಾದರೂ ಪೆಟ್ಟಿಗೆಯಲ್ಲಿ ಉಳಿದಿವೆಯೇ ಎಂದು ಇವತ್ತೇ ಗಂಡನನ್ನು ಕೇಳಿ. ಒಗೆಯದ ಒಂದಾದರೂ ಸಿಕ್ಕರೆ ಅದನ್ನು ಅವರೇ ಮಗಳ ಕೈಗೆ ಕೊಡಲಿ, ನೀವು ಬೇಡ.