ಬಾಣಂತನದ ಸಾಮಾನು ಎಡಿಸನ್ನಿನಲ್ಲಿ ಎಲ್ಲಿ ಸಿಗುತ್ತದೆ?

ಓದುಗರ ಪತ್ರ: ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ. ಅವರಿರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. 'ಆಯಿ, ಏನೂ ಹೊತ್ತು ತರಬೇಡ, ಇಂಡಿಯನ್ ಸ್ಟೋರಿನಲ್ಲಿ ಎಲ್ಲ ಸಿಗುತ್ತದೆ' ಎನ್ನುತ್ತಾಳೆ ಮಗಳು. ಅಳಿಯನಿಗೆ ಆ ಅಂಗಡಿ ಎಂದರೆ ಆಗದು. ಇಕ್ಕಟ್ಟು, ಸ್ವಚ್ಛ ಇಲ್ಲ, ದೊಡ್ಡ ಸೂಪರ್ ಮಾರ್ಕೆಟ್ಟಿನಿಂದಲೇ ಎಲ್ಲ ತರೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ? ಕುಚ್ಚಿಗೆ ಅಕ್ಕಿ, ಕರಿಬೇವು, ಒಣಮೀನು ಇಲ್ಲಿಂದ ಒಯ್ಯಬಹುದೇ? 'ಇಲ್ಲೇ ಸಂತೆ ಬಿಟ್ಟು ಸೂಪರ್ ಮಾರ್ಕೆಟ್ ಹಿಡಿದವಳಿಗೆ ಅಲ್ಲಿಯ ಚಿಂತೆ ಯಾಕೆ' ಎಂದು ನಮ್ಮ ಮನೆಯವರ ಕುಹಕ ಬೇರೆ.
– ನಿವೃತ್ತ ಶಿಕ್ಷಕಿ, ಅಂಕೋಲಾ

ಸಂಪಾದಕರ ಉತ್ತರ:

ಅಕ್ಕೋರೆ, ಮೊದಲಿಗೆ ಮಗಳ ಹೆರಿಗೆ ಸುಸೂತ್ರವಾಗಲಿ.

ಮಗಳು, ಅಳಿಯ ಇಬ್ಬರೂ ಎರಡೇ ಅಂಗಡಿಗಳನ್ನು ಮುಂದಿಟ್ಟುಕೊಂಡು ವಾದ ಮಾಡುತ್ತಿದ್ದಾರೆ. ನೀವು ಅಂಕೋಲೆಯಲ್ಲಿ ಮಾಡುವ ಅಡುಗೆಯನ್ನೇ ಅಲ್ಲೂ ಮಾಡಬೇಕೆಂದಿದ್ದರೆ, ಬೇಕಾದ ಸಾಮಾನಿನಲ್ಲಿ ಎಷ್ಟೋ ಆ ಎರಡರಲ್ಲೂ ಸಿಗುವುದಿಲ್ಲ. ಸಿಗುವುದು ಕೊರಿಯನ್ನರ, ಚೀನೀಯರ, ವಿಯೆಟ್ನಾಮಿನವರ, ಮೆಕ್ಸಿಕನ್ನರ ಅಂಗಡಿಗಳಲ್ಲಿ. ಮಗಳು ಆ ಕಡೆ ತಲೆ ಹಾಕಿದ ಹಾಗೆ ಕಾಣುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇಂಡಿಯನ್ ಸ್ಟೋರ್. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ನಮ್ಮವರು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಹೋದರು. ಈಗ ಆ ದೇಶದ ತುಂಬ ಹರಡಿರುವ ಪಟೇಲ್ ಬ್ರದರ್ಸ್ ಶುರುವಾಗಿದ್ದು 1974ರಲ್ಲಿ, ಶಿಕಾಗೋದ ಡೆವನ್ ಅವೆನ್ಯೂದಲ್ಲಿ, ಒಂದು ಸಣ್ಣ ಅಂಗಡಿಯಾಗಿ. ಗುಜರಾತಿ ಅಣ್ಣತಮ್ಮಂದಿರು ಕಟ್ಟಿದ್ದು. ಇಂಥ ಅಂಗಡಿಗಳಲ್ಲಿ ಗೋಧಿಹಿಟ್ಟು, ಬೇಳೆ, ಕುರುಕಲು ತಿಂಡಿಗೆ ಅಷ್ಟು ಜಾಗ ಇರುವುದು ಆ ಮೂಲದಿಂದ. ಮುಂದೆ ತೆಲುಗರು, ತಮಿಳರು ಜಾಸ್ತಿಯಾದರು, ಸೋನಾ ಮಸೂರಿ ಚೀಲ, ಇಡ್ಲಿ ಹಿಟ್ಟು, ನುಗ್ಗೆಕಾಯಿ ಬಂದವು. ಅಂಗಡಿಯವನು ಗಿರಾಕಿ ನೋಡಿ ಸಾಮಾನು ಇಡುತ್ತಾನೆ. ನಮ್ಮ ಕರಾವಳಿಯವರು ಅಲ್ಲಿ ಎಷ್ಟು ಜನ ಇದ್ದಾರು? ಮುರುಗಲು (ಕೋಕಂ) ಸಿಪ್ಪೆ ಸಿಗುತ್ತದೆ, ಅದೂ ಗುಜರಾತಿಗಳು ಬೇಳೆಗೆ ಹಾಕುವುದರಿಂದ. ಅದರ ಹಾಗೇ ಹುಳಿಗೆ ಹಾಕುವ ನಮ್ಮ ಉಪ್ಪಾಗೆ ಕೇಳಿದರೆ ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ.

ಆದರೂ ಬಾಣಂತನದ ಒಣ ಸಾಮಾನಿಗೆ ಮಗಳ ಮಾತೇ ಸರಿ. ಮೆಂತೆ, ಓಮ, ಜೀರಿಗೆ, ಒಣಶುಂಠಿ, ಲಾಡುವಿನ ಅಂಟು, ಬೆಲ್ಲ, ಬೇಳೆ ಎಲ್ಲ ಅಲ್ಲೇ ತೆಗೆದುಕೊಳ್ಳಿ. ಸೂಪರ್ ಮಾರ್ಕೆಟ್ಟಿನಲ್ಲೂ ಜೀರಿಗೆ ಇರುತ್ತದೆ, ಸಣ್ಣ ಗಾಜಿನ ಬಾಟಲಿಯಲ್ಲಿ, 50 ಗ್ರಾಂ ಆಸುಪಾಸು. ಬಾಟಲಿಗೂ ಹಣ, ಲೇಬಲ್ಲಿಗೂ ಹಣ. ಅಲ್ಲಿಯ ದೊಡ್ಡ ಅಂಗಡಿಗಳಲ್ಲಿ ಹೊಸ ಸಾಮಾನನ್ನು ಕಪಾಟಿನಲ್ಲಿ ಇಡಿಸಿಕೊಳ್ಳಲು ತಯಾರಕರೇ ದುಡ್ಡು ಕೊಡುವ ಪದ್ಧತಿಯೂ ಇದೆ, ಅದೂ ಕೊನೆಗೆ ಬೆಲೆಯಲ್ಲೇ ಸೇರುತ್ತದೆ. ಬೆಲೆಯ ಮಾತು ಬಿಡಿ, ಆ ಬಾಟಲಿ ಎಷ್ಟು ತಿಂಗಳಿಂದ ಅಲ್ಲಿ ಕೂತಿದೆಯೋ! ಇಂಡಿಯನ್ ಸ್ಟೋರಿನಲ್ಲಿ ಜೀರಿಗೆ ಪ್ಯಾಕೆಟ್ಟಿಗೆ ಕೂರಲು ಬಿಡುವಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೆ: ಯಾವ ಸಾಮಾನು ಎಲ್ಲಿ ಬೇಗ ಖರ್ಚಾಗುತ್ತದೋ ಅಲ್ಲಿ ಅದನ್ನು ಕೊಳ್ಳಿ. ಅಂಗಡಿಯ ಹೆಸರು, ಹೊಳಪು ಯಾವುದನ್ನೂ ನೋಡಬೇಡಿ.

ಇನ್ನು ಅಳಿಯನ ತಕರಾರು. ಇಕ್ಕಟ್ಟು ಅನ್ನುವುದು ನಿಜ. ಬಾಡಿಗೆ, ಕೆಲಸದವರು, ಅಲಂಕಾರ ಎಲ್ಲದರಲ್ಲೂ ಕೈ ಬಿಗಿ ಹಿಡಿದ ಮೇಲೇ ಆ ಬೆಲೆ ಬರುತ್ತದೆ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕಡಲೆಹಿಟ್ಟು, ರವೆ, ಕುರುಕಲು ತಿಂಡಿಯ ತಾರೀಖು ನೋಡಿಯೇ ಕೊಳ್ಳಿ. ಫ್ರೀಜರಿನ ಪ್ಯಾಕೆಟ್ ಒಳಗೆ ಮಂಜಿನ ಹರಳು ಗಟ್ಟಿ ಕಟ್ಟಿದ್ದರೆ ಅದು ಕರಗಿ ಮತ್ತೆ ಹೆಪ್ಪುಗಟ್ಟಿದ್ದಿರಬಹುದು, ವಾಪಸು ಇಡಿ. ಇಡೀ ತೆಂಗಿನಕಾಯಿ ನೋಡಿ ಆಸೆಪಡಬೇಡಿ, ಒಡೆದರೆ ಎಷ್ಟೋ ಸಲ ಒಳಗೆ ಕೊಳೆತಿರುತ್ತದೆ. ಫ್ರೀಜರಿನಲ್ಲಿ ಸಿಗುವ ತುರಿದ ಕಾಯಿಯೇ ವಾಸಿ. ಮೀನು ಸಾರಿಗೆ ಅರೆಯಲು ಏನೂ ತೊಂದರೆ ಇಲ್ಲ.

ಕುಚ್ಚಿಗೆ ಅಕ್ಕಿ ಒಯ್ಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯಿಂದ ಹೋಗುವವರು ಚೀಲದಲ್ಲಿ ಮೊದಲು ತುಂಬುವುದೇ ಅದನ್ನು. ಖಾಪ್ರಾ ಎಂಬ ಧಾನ್ಯದ ಹುಳ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2011ರಲ್ಲಿ ನಿಲ್ಲಿಸಿತು. ಭಾರತ ಆ ಪಟ್ಟಿಯಲ್ಲಿದೆ. ಕಡಲೆಗೂ ಅದೇ ಗತಿ. ನಿಮ್ಮ ಅಕ್ಕಿಯಲ್ಲಿ ಹುಳ ಇಲ್ಲ ಅಂದರೂ ವಿಮಾನ ನಿಲ್ದಾಣದ ಕಸದ ಡಬ್ಬಿಗೇ ಹೋಗುತ್ತದೆ. ಅಘನಾಶಿನಿ ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗ ಅಕ್ಕಿಯನ್ನು ಅಲ್ಲಿ ಹಾಗೆ ಎಸೆಯುವುದು ನೋಡಿದರೆ ಹೊಟ್ಟೆ ಉರಿಯುವುದಿಲ್ಲವೇ? ಇಂಡಿಯನ್ ಸ್ಟೋರಿನಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ. ಕೆಂಪು ಕುಚ್ಚಲು, ಕಾಳು ದಪ್ಪ. ಗಂಜಿಗೆ ಧಾರಾಳ ಸಾಕು.

ಅಕ್ಕಿಯ ವಿಷಯ ಬಂತಲ್ಲ, ಒಂದು ಹಳೆ ಗಲಾಟೆ ನೆನಪಾಯಿತು. 2023ರ ಜುಲೈ 20ರಂದು ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಸುದ್ದಿ ತಲುಪಿದ್ದೇ ತಡ, ಅಲ್ಲಿಯ ಇಂಡಿಯನ್ ಸ್ಟೋರುಗಳ ಮುಂದೆ ಸಾಲು. ಜನ ಸೋನಾ ಮಸೂರಿ ಚೀಲಗಳನ್ನು ಕಾರಿಗೆ ಏರಿಸಿಕೊಂಡು ಹೋದರು. ಕೆಲವು ಅಂಗಡಿಯವರು ಮನೆಗೆ ಒಂದೇ ಚೀಲ ಎಂದು ಬೋರ್ಡು ಹಾಕಬೇಕಾಯಿತು. ನಿಷೇಧ ತೆಗೆದಿದ್ದು 2024ರ ಸೆಪ್ಟೆಂಬರಿನಲ್ಲಿ. ಕುಚ್ಚಲಕ್ಕಿಗೆ ಆಗ ಸುಂಕ ಬಿತ್ತೇ ಹೊರತು ನಿಷೇಧ ಇರಲಿಲ್ಲ. ಗಂಜಿ ಉಣ್ಣುವ ನಮ್ಮವರು ಆಗ ನಿಶ್ಚಿಂತೆಯಿಂದ ಇದ್ದಿರಬೇಕು!

ಕರಿಬೇವಂತೂ ಬೇಡವೇ ಬೇಡ. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳುಗೆಡಹುವ ರೋಗವೊಂದನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಗಿಡದ ಮೇಲೂ ಬದುಕುತ್ತದೆ. 2005ರಲ್ಲಿ ಆ ರೋಗ ಫ್ಲೋರಿಡಾದ ಕಿತ್ತಳೆ ತೋಟಗಳಲ್ಲಿ ಕಾಣಿಸಿತು, ಆಮೇಲೆ ಅಲ್ಲಿಯ ಬೆಳೆಗಾರರು ಚೇತರಿಸಿಕೊಂಡೇ ಇಲ್ಲ. ಹಾಗಾಗಿ ಅಧಿಕಾರಿಗಳು ಎರಡೆಸಳು ಸಿಕ್ಕರೂ ಬಿಡುವುದಿಲ್ಲ. ಕೊಳೆರೋಗ ಬಂದಾಗ ನಮ್ಮ ಅಡಿಕೆ ಬೆಳೆಗಾರರು ಪಡುವ ಪಾಡು ಕಂಡವರಿಗೆ ಆ ಅಧಿಕಾರಿಗಳ ಮೇಲೆ ಸಿಟ್ಟು ಬರಲಾರದು. ಇಂಡಿಯನ್ ಸ್ಟೋರಿನಲ್ಲಿ ಅಲ್ಲೇ ಬೆಳೆದ ಕರಿಬೇವು ಸಣ್ಣ ಪೊಟ್ಟಣದಲ್ಲಿ ಇರುತ್ತದೆ. ಬೆಲೆ ಕೇಳಿ ಬೇಜಾರಾಗಬೇಡಿ. ತೊಳೆದು ಒರೆಸಿ ಫ್ರೀಜರಿನಲ್ಲಿಟ್ಟರೆ ಬಹಳ ದಿನ ಬರುತ್ತದೆ.

ಈಗ ಮೂರನೆಯ ಅಂಗಡಿ. ನಮ್ಮ ಅಡುಗೆ ಅನ್ನ, ಮೀನು, ಕಾಯಿ, ಸೊಪ್ಪು, ಗೆಡ್ಡೆಯದ್ದು. ಬಿಸಿ, ಮಳೆ, ಸಮುದ್ರ ಇರುವ ಕಡೆಯವರೆಲ್ಲ ಹೆಚ್ಚು ಕಡಿಮೆ ಇದನ್ನೇ ಉಣ್ಣುವುದು. ಗೋಧಿ ಸೀಮೆಯವರ ಅಭಿರುಚಿಗೆ ಹೊಂದಿಸಿದ ಅಂಗಡಿಗಿಂತ ವಿಯೆಟ್ನಾಮಿನವರ ಅಂಗಡಿ ನಮಗೆ ಹತ್ತಿರ ಅನಿಸಿದರೆ ಅದರಲ್ಲಿ ಆಶ್ಚರ್ಯ ಏನಿದೆ? ಬಸಳೆ ಹುಡುಕುತ್ತೀರಾ, ಚೀನೀಯರ ಅಂಗಡಿಯ ಸೊಪ್ಪಿನ ಸಾಲಿನಲ್ಲಿ 'ಮಲಬಾರ್ ಸ್ಪಿನಾಚ್' ಎಂಬ ಚೀಟಿ ನೋಡಿ. ಹರಿವೆಯೂ ಅಲ್ಲೇ ಇರುತ್ತದೆ, ಕೆಂಪು ಹಸಿರು ಎರಡೂ. ಕೆಸುವಿನ ಗೆಡ್ಡೆಗೆ ಕೊರತೆ ಇಲ್ಲ. ಬಾಣಂತಿಗೆ ಒಂದೆಲಗದ ತಂಬ್ಳಿ ಮಾಡುವ ಮನಸ್ಸಿದ್ದರೆ ವಿಯೆಟ್ನಾಮಿನವರ ಅಂಗಡಿಗೆ ಹೋಗಿ 'ರಾವ್ ಮಾ' ಕೇಳಿ. ಒಂದೆಲಗವೇ ಅದು. ಅವರು ಅದನ್ನು ಅರೆದು ಸಕ್ಕರೆ ಹಾಕಿ ಪಾನಕ ಮಾಡಿ ಕುಡಿಯುತ್ತಾರೆ. ಒಂದು ಮಾತು, ನೀವು ಹೋಗುವುದು ಡಿಸೆಂಬರಿನಲ್ಲಿ. ಆ ಚಳಿಗೆ ಸೊಪ್ಪಿನ ಬೆಲೆ ಏರಿರುತ್ತದೆ, ಹೋದಾಗಲೆಲ್ಲ ಸಿಗುವ ಭರವಸೆಯೂ ಇಲ್ಲ. ಸಿಕ್ಕ ದಿನ ಎರಡು ಕಟ್ಟು ತನ್ನಿ.

ಮೀನಿಗೆ ಕೊರಿಯನ್ ಅಂಗಡಿಗೇ ಹೋಗಿ. 1982ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಶುರುವಾದ ಎಚ್ ಮಾರ್ಟ್ ಈಗ ನ್ಯೂಜೆರ್ಸಿಯಲ್ಲೂ ಹಲವು ಕಡೆ ಇದೆ. ಐಸಿನ ಮೇಲೆ ಇಡೀ ಮೀನು ಹರಡಿಟ್ಟಿರುತ್ತಾರೆ, ತಲೆ, ಬಾಲ ಎಲ್ಲ ಸೇರಿ. ಸೂಪರ್ ಮಾರ್ಕೆಟ್ಟಿನಲ್ಲಿ ಬಹುಪಾಲು ಚರ್ಮ ಮುಳ್ಳು ತೆಗೆದ ತುಂಡುಗಳೇ. ಅದು ಯಾವ ಮೀನು, ಯಾವತ್ತಿನದು ಎಂದು ನೋಡಿ ಹೇಳಲು ಅದರಲ್ಲಿ ಏನು ಉಳಿದಿರುತ್ತದೆ? ಕೊರಿಯನ್ ಅಂಗಡಿಯಲ್ಲಾದರೆ ನೀವು ಕಾರವಾರದಲ್ಲಿ ಮಾಡುವ ಹಾಗೇ ಕಣ್ಣು, ಕಿವಿರು ನೋಡಿ ಆರಿಸಬಹುದು. ಹೇಗೆ ಕೊಯ್ದು ಕೊಡಬೇಕು ಅನ್ನುವುದಕ್ಕೆ ಎಷ್ಟೋ ಕಡೆ ಗೋಡೆ ಮೇಲೆ ನಂಬರು ಹಾಕಿದ ಪಟ್ಟಿ ಇರುತ್ತದೆ, ಬೆರಳು ತೋರಿಸಿದರೆ ಮುಗಿಯಿತು. ಭಾಷೆಯ ಭಯ ಬೇಡ. ಚೌಕಾಸಿ ಮಾತ್ರ ನಡೆಯುವುದಿಲ್ಲ, ಕೈ ಕಟ್ಟಿಹಾಕಿದ ಹಾಗಾಗುತ್ತದೆ ನಿಮಗೆ. ಅಲ್ಲಿಯ ಮ್ಯಾಕೆರೆಲ್ ನಮ್ಮ ಬಾಂಗಡೆಯ ನೆಂಟ. ಕೊಬ್ಬು ಜಾಸ್ತಿ, ಹುರಿಯುವಾಗ ಎಣ್ಣೆ ಕಡಿಮೆ ಹಾಕಿ. ಸಾರಿಗೆ ತೆಪ್ಪಲ (ನಾಲಿಗೆ ಜುಮ್ಮೆನ್ನಿಸುವ ಮಸಾಲೆ ಕಾಯಿ) ಬೇಕಲ್ಲ, ಮನೆಯಿಂದ ಒಣಗಿದ್ದು ಒಯ್ಯಿರಿ. ಮರೆತರೆ ಚೀನೀಯರ ಸಿಚುವಾನ್ ಮೆಣಸು ಅದೇ ಜಾತಿಯ ಗಿಡದ್ದು, ನಾಲಿಗೆ ಜುಮ್ಮೆನ್ನುವುದರಲ್ಲಿ ಒಂದು ಕೈ ಮೇಲೆ.

ಮೆಕ್ಸಿಕನ್ ಅಂಗಡಿಯನ್ನೂ ಬಿಡಬೇಡಿ. ಬಾಳೆಕಾಯಿ, ಸೀಮೆಬದನೆ, ಪಪ್ಪಾಯಿ, ಪೇರಲೆ ಅಲ್ಲಿ ರಾಶಿ. ಫ್ರೀಜರಿನಲ್ಲಿ ಬಾಳೆ ಎಲೆಯೂ ಇರುತ್ತದೆ. ಬ್ಯಾಡಗಿ ಮೆಣಸು ಮುಗಿದರೆ ಗ್ವಾಹೀಯೊ ಎಂಬ ಅವರ ಒಣಮೆಣಸು ನೋಡಿ, ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಕಮ್ಮಿ. ಅಷ್ಟಕ್ಕೂ ಮೆಣಸಿನಕಾಯಿ, ಗೇರು, ಪಪ್ಪಾಯಿ, ಪೇರಲೆ ಎಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನ ಕಾಲದಲ್ಲಿ ನಮ್ಮ ಕಡೆ ಬಂದವು. ಗೋವಾ ಗಡಿಯಲ್ಲಿರುವ ನಮಗೆ ಅದೇನು ಹೊಸದಲ್ಲ.

ಹಾಗಾದರೆ ಸೂಪರ್ ಮಾರ್ಕೆಟ್ ಯಾತಕ್ಕೆ? ಹಾಲು, ಮೊಸರು, ಮೊಟ್ಟೆ, ಬೆಣ್ಣೆ, ಓಟ್ಸ್, ಸೇಬು, ಮಗುವಿನ ಡೈಪರ್. ಇವು ಅಲ್ಲಿ ಗಂಟೆ ಗಂಟೆಗೆ ಖಾಲಿಯಾಗುವ ಸಾಮಾನು, ಅಳಿಯನ ಮಾತು ಕೇಳಿ. ಬಾಣಂತಿಗೆ ಬೇಕಾದ ಸಬ್ಬಸಿಗೆಯೂ ಅಲ್ಲಿದೆ, ಆದರೆ ನಾಲ್ಕು ಕಡ್ಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕಟ್ಟು ಬೇಕಾದರೆ ಇಂಡಿಯನ್ ಸ್ಟೋರ್. ಬೆಲೆ ಪೌಂಡ್ ಲೆಕ್ಕದಲ್ಲಿ ಇರುತ್ತದೆ, ಒಂದು ಪೌಂಡ್ ಎಂದರೆ 454 ಗ್ರಾಂ. ನ್ಯೂಜೆರ್ಸಿಯಲ್ಲಿ ದೊಡ್ಡ ಅಂಗಡಿಗಳು ಕಪಾಟಿನ ಚೀಟಿಯಲ್ಲಿ ಅಳತೆಯ ಲೆಕ್ಕದ ಬೆಲೆಯನ್ನೂ ಹಾಕಬೇಕೆಂಬ ಕಾನೂನಿದೆ. ಸಣ್ಣ ಅಕ್ಷರ, ಕನ್ನಡಕ ಮರೆಯಬೇಡಿ.

ನಿಮ್ಮ ಮನೆಯವರ ಕುಹಕಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಎಣ್ಣೆ, ಸಕ್ಕರೆ, ಸೋಪು ಸೂಪರ್ ಮಾರ್ಕೆಟ್ಟಿನಿಂದ ತಂದರೆ ಯಾರ ಅಪ್ಪನ ಗಂಟು ಹೋಯಿತು? ಕಾರವಾರದ ಭಾನುವಾರದ ಸಂತೆಗೆ ನಿಮ್ಮ ಅಂಕೋಲೆ ಕಡೆಯ ಹಾಲಕ್ಕಿ ಹೆಂಗಸರು ಬೆಳಿಗ್ಗೆ ಬುಟ್ಟಿ ಇಳಿಸುವ ಹರಿವೆ, ಬಸಳೆ, ಮೊಗೆಕಾಯಿಯನ್ನು ಮಾತ್ರ ಏಸಿ ರೂಮಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಹುಡುಕಬೇಡಿ. ಸೂಪರ್ ಮಾರ್ಕೆಟ್ ಎಂದ ಕೂಡಲೇ ಹೊರಗಿನ ಕಂಪನಿ ಎಂದುಕೊಳ್ಳುವುದೂ ಬೇಡ. ಶಿರಸಿಯಲ್ಲಿ ಜನ ಸಾಮಾನಿಗೆ ಹೋಗುವ ಟಿಎಸ್‌ಎಸ್ ಸೂಪರ್ ಮಾರ್ಕೆಟ್ ಅಡಿಕೆ ಬೆಳೆಗಾರರದೇ ಸಹಕಾರಿ ಸಂಘದ್ದು, ಸಂಘ ಹುಟ್ಟಿದ್ದು 1923ರಲ್ಲಿ. ಇದನ್ನು ಅವರಿಗೆ ಓದಿ ಹೇಳಿ.

ಇಲ್ಲಿಂದ ಒಯ್ಯಬೇಕಾದ್ದು ಕಡಿಮೆಯೇ. ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪಾಗೆ, ತೆಪ್ಪಲ, ಶಿರಸಿ ಕಾಳುಮೆಣಸು, ಬೇಕಾದರೆ ಒಂದು ಪೊಟ್ಟಣ ಸಾಣಿಕಟ್ಟಾ ಉಪ್ಪು. ಹಸಿ ಎಲೆ, ಹಣ್ಣು, ಮಾವಿನಕಾಯಿ ಯಾವುದೂ ಬೇಡ. ಜೋನಿಬೆಲ್ಲವೂ ಬೇಡ. ಅದಕ್ಕೆ ಕಾನೂನು ಕಾರಣ ಅಲ್ಲ, ಸೋರಿದರೆ ಸೀರೆಗಳ ಗತಿ ನೆನೆಸಿಕೊಳ್ಳಿ. ಇಳಿದ ಮೇಲೆ ಅಧಿಕಾರಿ ತಿನ್ನುವ ಸಾಮಾನು ಇದೆಯೇ ಎಂದು ಕೇಳಿದರೆ ಇದೆ ಎನ್ನಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ಸಾಮಾನು ಹೋದೀತು, ಮುಚ್ಚಿಟ್ಟರೆ ದಂಡವೂ ಬೀಳುತ್ತದೆ.

ಒಣಮೀನು ಸ್ವಂತಕ್ಕೆ ಸ್ವಲ್ಪ ಒಯ್ಯಬಹುದು, ಅದನ್ನೂ ಹೇಳಿಯೇ ಒಯ್ಯಿರಿ. ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ, ಇಲ್ಲದಿದ್ದರೆ ಮಗುವಿಗೆ ಒಯ್ಯುವ ಬಟ್ಟೆಗೂ ವಾಸನೆ ಹತ್ತುತ್ತದೆ. ಸುಡುವ ಮುಂಚೆ ಮಾತ್ರ ಅಳಿಯನನ್ನು ಕೇಳಿ, ಅಡುಗೆಮನೆಯ ಫ್ಯಾನು ಹಾಕಿ, ಕಿಟಕಿ ತೆರೆಯಿರಿ. ಅಲ್ಲಿಯ ಮನೆಗಳ ಮಾಡಿನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ, ಅದಕ್ಕೆ ಒಣ ಬಾಂಗಡೆ ಗೊತ್ತಿಲ್ಲ.