ಕಾಲೇಜು ಫುಟ್‌ಬಾಲ್ ತಂಡದ ಬೀಟ್ ವರದಿಗಾರರನ್ನು ಅಭಿಮಾನಿಗಳು ಹೇಗೆ ಅಳೆಯುತ್ತಾರೆ?

ಅಮೆರಿಕದಲ್ಲಿ ಒಂದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಸಾಕರ್ ಅಲ್ಲ) ತಂಡದ ಬಗ್ಗೆ ವರ್ಷವಿಡೀ ಬರೆಯುವ ಪತ್ರಕರ್ತರನ್ನು ಬೀಟ್ ವರದಿಗಾರರೆನ್ನುತ್ತಾರೆ. ತಂಡದ ಅಭ್ಯಾಸವನ್ನು ನೋಡಲು ಹೊರಗಿನವರಿಗೆ ಹೆಚ್ಚಾಗಿ ಅವಕಾಶವಿಲ್ಲದಿರುವುದರಿಂದ, ಯಾರಿಗೆ ಗಾಯವಾಗಿದೆ, ಯಾವ ಕ್ವಾರ್ಟರ್‌ಬ್ಯಾಕ್ (ಚೆಂಡನ್ನೆಸೆದು ದಾಳಿಯನ್ನು ಮುನ್ನಡೆಸುವ ಆಟಗಾರ) ಆಡಲಿದ್ದಾನೆ, 2018ರಲ್ಲಿ ಆರಂಭವಾದ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಯಸುವ ಆಟಗಾರರ ಹೆಸರು ಸೇರುವ ಆನ್‌ಲೈನ್ ಪಟ್ಟಿ) ಮೂಲಕ ಯಾರು ತಂಡ ಬಿಡಬಹುದು ಎಂಬುದಕ್ಕೆಲ್ಲ ಅಭಿಮಾನಿಗಳು ಇವರನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಹೀಗಾಗಿ ಅಭಿಮಾನಿಗಳ ಮೊದಲ ಅಳತೆಗೋಲು ನಿಖರತೆ: ವಾರದಲ್ಲಿ ಬರೆದದ್ದು ಶನಿವಾರದ ಪಂದ್ಯದಲ್ಲಿ ನಿಜವಾಯಿತೇ ಎಂದು ನೋಡುತ್ತಾರೆ. ಆಟದ ತಂತ್ರಗಳ ತಿಳಿವಳಿಕೆಗೂ ಬೆಲೆಯಿದೆ.

ಜಟಿಲವಾದದ್ದು ನಿಷ್ಠೆಯ ಪ್ರಶ್ನೆ. ತಂಡವನ್ನು ಟೀಕಿಸಿದವರನ್ನು ದ್ವೇಷಿಯೆಂದೂ, ಸೋತಾಗಲೂ ಕೋಚ್‌ಗೆ ನೇರ ಪ್ರಶ್ನೆ ಕೇಳದವರನ್ನು ಹೊಗಳುಭಟರೆಂದೂ ಕರೆಯುವವರು ಅನೇಕ ವೇಳೆ ಒಬ್ಬರೇ ಆಗಿರುತ್ತಾರೆ. ಪಂದ್ಯಕ್ಕೂ ಪತ್ರಿಕಾಗೋಷ್ಠಿಗೂ ಪ್ರವೇಶಪತ್ರ ನೀಡುವುದು ವಿಶ್ವವಿದ್ಯಾಲಯವೇ ಆದ್ದರಿಂದ ವರದಿಗಾರರ ಮೇಲಿರುವ ಒತ್ತಡವೂ ಸಣ್ಣದಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ವಿರುದ್ಧ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖೆ ನಡೆಯುತ್ತಿರುವುದನ್ನು 2011ರ ಮಾರ್ಚ್‌ನಲ್ಲಿ ಬೆಳಕಿಗೆ ತಂದವರು ಪೇಟ್ರಿಯಟ್-ನ್ಯೂಸ್ ಪತ್ರಿಕೆಯ ಅಪರಾಧ ವರದಿಗಾರ್ತಿ ಸಾರಾ ಗ್ಯಾನಿಂ, ಕ್ರೀಡಾ ಬೀಟ್‌ನವರಲ್ಲ. ಆ ವರದಿಗಾರಿಕೆಗೆ 2012ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಆದ್ದರಿಂದ ತಂಡಕ್ಕೆ ಹತ್ತಿರವಿರುವುದನ್ನೇ ಅರ್ಹತೆಯೆಂದು ಎಣಿಸುವ ಅಭಿಮಾನಿಗಳ ಅಳತೆ ತಪ್ಪೆಂಬುದು ನನ್ನ ದೃಢ ಅಭಿಪ್ರಾಯ. ತಂಡ ಗೆಲ್ಲುತ್ತಿರುವಾಗಲೂ ಆಡಳಿತದ ಹಣಕಾಸು, ಆಟಗಾರರ ಸುರಕ್ಷತೆ, ಕೋಚ್‌ಗಳ ನಡವಳಿಕೆಗಳನ್ನು ಪ್ರಶ್ನಿಸುವ ವರದಿಗಾರರಿಗೆ ಹೆಚ್ಚಿನ ಅಂಕ ಸಲ್ಲಬೇಕು.