ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ನಮ್ಮೂರ ಸಿಪಾಯಿಯ ಗುರುತು ಎಲ್ಲಿ ಸಿಗುತ್ತದೆ?

ನಿಮ್ಮೂರಿಂದ ಆ ಯುದ್ಧಕ್ಕೆ ಹೋದವರೊಬ್ಬರು ಹೊರದೇಶದಲ್ಲೇ ತೀರಿಕೊಂಡರು, ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ ಎಂದಿದ್ದೀರಿ. ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರು.

ಅವರು ನನ್ನಜ್ಜಿಯ ಚಿಕ್ಕಪ್ಪ. ಕೋಲಾರದ ಕಡೆಯ ಹಳ್ಳಿಯವರು. ಬೆಂಗಳೂರಿಗೆ ಬಂದು ಹಲಸೂರು ಕೆರೆ ಪಕ್ಕದ ಪಲ್ಟನ್ನು, ಅಂದರೆ ಈಗಿನ ಮದ್ರಾಸ್ ಸ್ಯಾಪರ್ಸ್ ಸೇರಿದರು. ಈಗಿನ ಇರಾಕಿನ ಬಸ್ರಾಕ್ಕೆ ಹಡಗು ಹತ್ತಿದವರು ವಾಪಸ್ ಬರಲಿಲ್ಲ. ತಿಥಿ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ ಒಂದೆಲೆ ಹೆಚ್ಚಿಗೆ ಹಾಕಿ ಎಡೆ ಇಡುತ್ತಿದ್ದರು. ‘ಇದು ಬಸ್ರಾ ಚಿಕ್ಕಪ್ಪಂಗೆ’ ಅನ್ನೋರು.

ಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಮಡಿದವರ ಪಟ್ಟಿಯಿದೆ, ದುಡ್ಡು ಕೊಡಬೇಕಿಲ್ಲ. ಪೂರ್ತಿ ಹೆಸರು ಹಾಕಬೇಡಿ. ಇಂಗ್ಲಿಷಿನಲ್ಲಿ ಬರೆದುಕೊಂಡವರಿಗೆ ಕಿವಿಗೆ ಬಿದ್ದದ್ದೇ ಹೆಸರು. ಮುನಿಸ್ವಾಮಿ ಅಲ್ಲಿ ‘ಮುನಿಸಾಮಿ’ ಆಗಿರಬಹುದು. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲೂಕು ಇರುತ್ತವೆ. ನಮ್ಮವರು ಸಿಕ್ಕಿದ್ದು ತಂದೆಯ ಹೆಸರಿನಿಂದ. ಮೂರು ರಾತ್ರಿ ಹಿಡಿಯಿತು.

ತೀರಿಕೊಂಡಿದ್ದು 1916ರ ಜುಲೈಯಲ್ಲಿ. ನೆನಪಿನ ಸ್ಥಳ: ಇರಾಕಿನ ಬಸ್ರಾ ಸ್ಮಾರಕ. 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು. ಆದರೆ ಗೋಡೆಯ ಮೇಲೆ ಭಾರತೀಯರಲ್ಲಿ ಅಧಿಕಾರಿಗಳ ಹೆಸರಷ್ಟೇ ಇದೆ. ಸಾಮಾನ್ಯ ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ಬರೀ ಲೆಕ್ಕ, ಇಷ್ಟು ಜನ ಅಂತ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಪಟ್ಟಿಯಲ್ಲಾದರೂ ಹೆಸರಿದೆಯಲ್ಲ ಎಂದು ಆ ಪುಟವನ್ನು ಮುದ್ರಿಸಿ ಅಜ್ಜಿಯ ಫೋಟೋ ಪಕ್ಕ ಇಟ್ಟಿದ್ದೇನೆ.

ನಿಮ್ಮವರು ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯವರಾಗಿದ್ದರೆ ಮೊದಲು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಕ್ಕೆ ಹೋಗಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆಪಡೆಯವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಪಡೆ ಅದು. ಮಡಿದವರ ಹೆಸರು ಅಲ್ಲಿ ಕಲ್ಲಲ್ಲೇ ಇದೆ.

ದಿನಾಂಕ ಸಿಕ್ಕರೆ ಹಳೆಯ ಪಂಚಾಂಗ ತೆಗೆಸಿ ನೋಡಿ. ನಮ್ಮವರದ್ದು ಆಷಾಢ ಬಹುಳ ಸಪ್ತಮಿ ಎಂದು ತಿಳಿಯಿತು. ಹೋದ ವರ್ಷ ಮೊದಲ ಸಲ ಅವರ ತಿಥಿಯಂದೇ ಎಲೆ ಹಾಕಿದೆವು. ಅವರಿಗೆ ಏನಿಷ್ಟ ಎಂದು ಹೇಳುವವರು ಯಾರೂ ಉಳಿದಿಲ್ಲ. ಅಜ್ಜಿ ಬಡಿಸುತ್ತಿದ್ದ ಮುದ್ದೆ, ಹುರುಳಿಕಾಳಿನ ಬಸ್ಸಾರನ್ನೇ ಬಡಿಸಿದೆವು.

ನಿಮ್ಮವರ ತಂದೆಯ ಹೆಸರು, ಆಗಿನ ತಾಲೂಕು ಮನೆಯ ಹಿರಿಯರಿಂದ ಕೇಳಿ ಕೆಳಗೆ ಬರೆಯಿರಿ. ನಾನೂ ಕೂತು ಹುಡುಕುತ್ತೇನೆ.